ಮಗುಚಿ ಹಾಕಿದ ಹ್ಯಾಂಡಲ್

ಚೌತಿ ರಜೆ ಮುಗಿದ ವಾರದಲ್ಲಿ ನನ್ನ ಮಗಳು ವಿನೋದಾ ಮೂರು ಸಲ ತಡವಾಗಿ ಶಾಲೆ ಮುಟ್ಟಿದಳು. ಅವಳು ಓದುವ ಹುಡುಗಿಯಲ್ಲ, ಕಲಿಸುವ ಅಕ್ಕೋರು. ವಯಸ್ಸು ಹತ್ತೊಂಬತ್ತು. ಧಾರವಾಡದಲ್ಲಿ ಟ್ರೇನಿಂಗ್ ಮುಗಿಸಿಕೊಂಡು ಬಂದು, ನಮ್ಮೂರು ಶಿರಸಿಯಿಂದ ಹುಲೇಕಲ್ ರಸ್ತೆಯಲ್ಲಿ ಆರು ಮೈಲಿ ದೂರದ ಬೆಟ್ಟದಬೈಲಿನ ಹೆಣ್ಣುಮಕ್ಕಳ ಶಾಲೆಗೆ ಆ ವರ್ಷ, ಅಂದರೆ ಮೂವತ್ತೇಳನೇ ಇಸವಿಯಲ್ಲಿ, ಸೇರಿದ್ದಳು. ಶಾಲೆ ಊರಿನ ಕಮಿಟಿಯದು. ಮೂರನೆಯ ಸಲ ತಡವಾದ ದಿನ ಕಮಿಟಿಯ ಅಧ್ಯಕ್ಷರಾದ ಮಾದೇವ ಹೆಗಡೆಯವರು ಹಾಜರಿ ಪುಸ್ತಕದಲ್ಲಿ ಕೆಂಪು ಶಾಯಿಯಿಂದ ಬರೆದರು: ಇನ್ನೊಮ್ಮೆ ತಡವಾದರೆ ಕೆಲಸವಿಲ್ಲ.

ಕೆಲಸ ಹೋದರೆ ಏನಾಗುತ್ತದೆ ಎಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಸಿದ್ದಾಪುರದ ಕಡೆಯ ಒಂದು ಸಂಬಂಧ ಕಾದು ಕೂತಿತ್ತು. ವರನಿಗೆ ನಲವತ್ತು ದಾಟಿತ್ತು. ಮೊದಲ ಹೆಂಡತಿ ತೀರಿಕೊಂಡಿದ್ದಳು, ಎರಡು ಮಕ್ಕಳಿದ್ದವು. ಯಲ್ಲಾಪುರದ ಕಟ್ಟಿಗೆ ಡಿಪೋದಲ್ಲಿ ಗುಮಾಸ್ತರಾಗಿದ್ದ ನಮ್ಮ ಯಜಮಾನರು ಹದಿನೈದು ದಿನಕ್ಕೊಮ್ಮೆ ಮನೆಗೆ ಬರುವವರು. ಕೆಟ್ಟವರಲ್ಲ. “ಕೆಲಸ ಇಪ್ಪವರೆಗೆ ಕೂಸಿನ ಮಾತು ನಡೀಲಿ. ಕೆಲಸ ಹೋದ ದಿನ ಯನ್ನ ಮಾತು” ಎಂದು ಹೇಳಿ ಹೋಗಿದ್ದರು.

ಮಳೆಗಾಲದಲ್ಲಿ ತೊಂದರೆ ಇರಲಿಲ್ಲ. ಬೆಟ್ಟದಬೈಲಿನಲ್ಲೇ ನಮ್ಮ ನೆಂಟರ ಮನೆಯಲ್ಲಿ ಉಳಿದುಕೊಂಡಿದ್ದಳು. ಚೌತಿಯ ಹೊತ್ತಿಗೆ ಆ ಮನೆಯಲ್ಲಿ ಬಾಣಂತನ ಬಂತು, ಇವಳಿಗೆ ಜಾಗವಿಲ್ಲವಾಯಿತು. ನಡೆದುಹೋಗಲು ಎರಡು ತಾಸು, ಬರಲು ಎರಡು ತಾಸು. ಎರಡು ದಿನ ನಡೆದಳು, ಮೂರನೆಯ ದಿನ ಜ್ವರ. ಸರ್ವಿಸ್ ಮೋಟಾರು ಆ ಕಡೆಗೆ ಹೋಗುವುದು ಸಂಜೆ ಮಾತ್ರ. ಉಳಿದದ್ದು ಸೈಕಲ್. ಧಾರವಾಡದಲ್ಲಿ ಕಲಿತಿದ್ದಳು. ಪೇಟೆಯ ಚಾಂದ್ ಪಾಷಾನ ಅಂಗಡಿಯಲ್ಲಿ ಬಾಡಿಗೆ ಸೈಕಲ್ಲುಗಳು ಮೂರೇ ಮೂರು. ಎರಡು ಕಚೇರಿಯವರ ಪಾಲು. ಮೂರನೆಯದರಲ್ಲಿ ಬೆಳಿಗ್ಗೆ ಇಸಾಕ್ ಎಂಬುವನು ಪೇಪರ್ ಹಂಚಿ ಬರುತ್ತಿದ್ದ. ಅವನು ಬಂದು ಇಳಿಯುವುದು ಹತ್ತಕ್ಕೆ ಕಾಲು ಗಂಟೆ ಇರುವಾಗ. ಶಾಲೆಯ ಗಂಟೆ ಹತ್ತೂವರೆಗೆ. ನಡುವೆ ನಲವತ್ತೈದು ನಿಮಿಷ. ವಿನೋದಾಗೆ ಹಿಡಿಯುತ್ತಿದ್ದುದು ಐವತ್ತೆರಡು.

“ಕಾಡಿನ ರಸ್ತೆಲಿ ಎಂತೂ ತೊಂದ್ರೆ ಇಲ್ಲೆ ಆಯಿ. ಮೂರನೇ ಮೈಲಿಕಲ್ಲು ದಾಟಿ ಶಾಲೆವರೆಗೂ ಗದ್ದೆ ಬಯಲು ಬತ್ತಲ್ಲ, ಅಲ್ಲಿ ಪಡುಗಾಳಿ ಎದೆಗೇ ಕೈ ಕೊಟ್ಟು ತಳ್ತು. ಎಷ್ಟು ತುಳಿದ್ರೂ ಸೈಕಲ್ ಮುಂದೆ ಹೋಗ್ತಿಲ್ಲೆ” ಎಂದಳು. ಕಾಲು ಚಾಚಿ ಕೂತಿದ್ದಳು. ನಾನು ಮೊಣಕಾಲಿಗೆ ಬಿಸಿ ಎಣ್ಣೆ ಉಜ್ಜುತ್ತಿದ್ದೆ. ಅಳಲಿಲ್ಲ, ಸಿಟ್ಟು ಬಂದಿತ್ತು ಅವಳಿಗೆ.

ಮರುದಿನ ಶನಿವಾರ, ಹಬ್ಬದ ರಜೆ. ಮಧ್ಯಾಹ್ನ ಹಿತ್ತಲಲ್ಲಿ ಅಕ್ಕಿ ಕೇರಿ ಮುಗಿಸಿ, ಬಿದಿರಿನ ಅಗಲ ಮೊರದಂಥ ಖಾಲಿ ಗೆರಸಿ ಹಿಡಿದು ಒಳಗೆ ಹೊರಟೆ. ಗಾಳಿ ಜೋರಿತ್ತು. ಗೆರಸಿಯನ್ನು ಎದೆಯ ಮುಂದೆ ಅಗಲವಾಗಿ ಹಿಡಿದಿದ್ದೆ. ಗಾಳಿ ಅದಕ್ಕೆ ಬಡಿದು ನನ್ನನ್ನೇ ಒಂದು ಹೆಜ್ಜೆ ಹಿಂದೆ ನೂಕಿತು. ಕೈ ತಿರುಗಿಸಿ ಗೆರಸಿಯ ಅಂಚನ್ನು ಗಾಳಿಗೆ ಒಡ್ಡಿದೆ. ತಕ್ಷಣ ಹಗುರವಾಯಿತು. ಮತ್ತೆ ಅಗಲ ಮಾಡಿದೆ, ನೂಕಿತು. ಮತ್ತೆ ಅಂಚು ಮಾಡಿದೆ, ಬಿಟ್ಟಿತು. ಅದೇ ಗೆರಸಿ, ಅದೇ ಗಾಳಿ, ಅದೇ ಕೈ. ಪಕ್ಕದ ಮನೆಯ ಹೊನ್ನಿ ಬೇಲಿಯ ಆಚೆಯಿಂದ ನೋಡಿ, “ಅಮ್ಮಾ, ಗೆರಸಿ ಹಿಡ್ಕಂಡು ಕುಣೀತಾ ಇದೀರಾ?” ಎಂದಳು.

“ಹೌದೇ ಹೊನ್ನಿ. ನೀನೂ ಬಾ” ಎಂದೆ.

ಒಳಗೆ ಹೋಗಿ ಮಗಳನ್ನು ಎಬ್ಬಿಸಿದೆ. “ಕೂಸೆ, ಗಾಳಿ ಜಗಳ ಆಡ್ತಾ ಇಪ್ಪದು ನಿನ್ನ ಕಾಲಿನ ಜೊತಿಗೆ ಅಲ್ಲ. ನಿನ್ನ ಎದೆ ಅಗಲದ ಜೊತಿಗೆ. ನೀನು ಗೆರಸಿ ಹಾಂಗೆ ನೆಟ್ಟಗೆ ಕೂತ್ಕಂಡು ಹೋಗ್ತೆ. ಬಗ್ಗಿ ನೋಡು.”

ಅವಳು ಕಣ್ಣು ತಿಕ್ಕಿಕೊಂಡು ನನ್ನನ್ನೂ ಗೆರಸಿಯನ್ನೂ ನೋಡಿದಳು. “ಆಯಿ, ಇದು ಟ್ರೇನಿಂಗಲ್ಲಿ ಯಾರೂ ಹೇಳಿದ್ದಿಲ್ಲೆ” ಎಂದು ನಕ್ಕಳು.

ಭಾನುವಾರ ಬೆಳಿಗ್ಗೆ ಇಸಾಕ್ ಬಂದ ಮೇಲೆ ಸೈಕಲ್ ತಂದೆವು. ನಾನು ಹಿಂದಿನ ಕ್ಯಾರಿಯರಿನ ಮೇಲೆ ಕೂತೆ, ಯಜಮಾನರ ಹಳೆಯ ಕಿಸೆ ಗಡಿಯಾರ ಸೆರಗಿನಲ್ಲಿ ಕಟ್ಟಿಕೊಂಡು. ನಲವತ್ತೆರಡು ವರ್ಷದ ಹೆಂಗಸು ಸೈಕಲ್ಲಿನ ಹಿಂದೆ ಕೂತು ಹೋಗುವುದನ್ನು ಪೇಟೆ ನೋಡಿತು. ನೋಡಲಿ ಎಂದುಕೊಂಡೆ. ಮೂರನೆಯ ಮೈಲಿಕಲ್ಲಿನ ಹತ್ತಿರ ನನ್ನನ್ನು ಇಳಿಸಿದಳು. ನಾಲ್ಕನೆಯದು ಅದೇ ಬಯಲಿನಲ್ಲಿ ದೂರಕ್ಕೆ ಬೆಳ್ಳಗೆ ಕಾಣುತ್ತಿತ್ತು. ಅವಳು ಹೊರಟಾಗ ಗಡಿಯಾರ ನೋಡುವುದು, ಅಲ್ಲಿ ಮುಟ್ಟಿ ಕೈ ಎತ್ತಿದಾಗ ಮತ್ತೆ ನೋಡುವುದು.

ನೆಟ್ಟಗೆ ಕೂತು ಹೋದಾಗ ಹನ್ನೊಂದು ನಿಮಿಷ. ಬಗ್ಗಿದಾಗ ಹತ್ತೂಕಾಲು. ಇಷ್ಟೇನಾ ಎಂದು ನನಗೆ ಬೇಸರವಾಯಿತು. ಆದರೆ ದೂರದಿಂದ ನೋಡುವಾಗ ಕಾರಣ ಕಾಣುತ್ತಿತ್ತು. ಹ್ಯಾಂಡಲ್ ಎತ್ತರವಾದ್ದರಿಂದ ಬಗ್ಗಿದರೂ ಮೊಣಕೈಗಳು ಹದ್ದಿನ ರೆಕ್ಕೆಯಂತೆ ಅಗಲವಾಗುತ್ತಿದ್ದವು. ಸೆರಗು ಬೆನ್ನ ಮೇಲೆ ಉಬ್ಬಿ, ಹಗ್ಗಕ್ಕೆ ಒಣಹಾಕಿದ ಬಟ್ಟೆಯಂತೆ ಪಟಪಟ ಬಡಿಯುತ್ತಿತ್ತು. ಗಾಳಿ ಹಿಡಿಯುವುದಕ್ಕೆ ನಾವೇ ಅಷ್ಟೊಂದು ಹಿಡಿಕೆ ಕೊಟ್ಟಿದ್ದೆವು.

ವಾಪಸು ಬಂದವರೇ ಚಾಂದ್ ಪಾಷಾನ ಅಂಗಡಿಗೆ ಹೋದೆವು. ಹ್ಯಾಂಡಲ್ ಕೆಳಗೆ ಮಾಡಿಕೊಡು ಎಂದೆ.

“ಇದು ಕೆಳಗೆ ಇಳಿಯೋದಿಲ್ಲ ಅಮ್ಮಾ. ಎಷ್ಟು ಇಳೀಬೇಕೋ ಅಷ್ಟು ಇಳ್ದಿದೆ” ಎಂದ ಅವನು. ಐವತ್ತು ದಾಟಿದ, ಗಡ್ಡಕ್ಕೂ ಗ್ರೀಸ್ ತಾಗಿಸಿಕೊಂಡಿರುವ ಮನುಷ್ಯ.

“ಹಾಗಾದರೆ ಮಗುಚಿ ಹಾಕು. ಹಿಡಿಕೆ ಮೇಲೆ ಬಾಗಿದೆಯಲ್ಲ, ಅದನ್ನ ಕೆಳಮುಖ ಮಾಡು.”

ಅವನು ಕೈಯಲ್ಲಿದ್ದ ನಟ್ಟು ತಿರುಗಿಸುವ ಪಾನಾ ಕೆಳಗಿಟ್ಟ. “ಯಾ ಅಲ್ಲಾ! ಮೂವತ್ತು ವರ್ಷ ಆಯ್ತು ಈ ಕೆಲಸಕ್ಕೆ. ಎತ್ತರ ಮಾಡು ಅಂದೋರು ಇದಾರೆ, ಬೆಲ್ ದೊಡ್ಡದು ಹಾಕು ಅಂದೋರು ಇದಾರೆ. ತಲೆಕೆಳಗೆ ಮಾಡು ಅಂದೋರು ನೀವೇ ಮೊದಲು. ಅಕ್ಕೋರೇ, ನಿಮ್ಮ ಅಮ್ಮನಿಗೆ ಹುಷಾರಿಲ್ವಾ?”

“ಹುಷಾರಿದ್ದಾರೆ. ಮಗುಚಿ” ಎಂದಳು ವಿನೋದಾ.

“ಬೆನ್ನು ನೋಯ್ತದೆ. ಆಮೇಲೆ ನನ್ನ ಬೈಬೇಡಿ. ಇಸಾಕನಂತೂ ಬಯ್ಯೋದೇ.” ಗೊಣಗುತ್ತಲೇ ನಟ್ಟು ಸಡಿಲಿಸಿ ಮಗುಚಿ ಬಿಗಿದ. ಬ್ರೇಕಿನ ಕಡ್ಡಿಗಳನ್ನು ಬಗ್ಗಿಸಿ ಹೊಂದಿಸಲು ಅವನಿಗೆ ಒಂದು ತಾಸು ಹಿಡಿಯಿತು. ಕೊನೆಗೆ ದೂರ ನಿಂತು ನೋಡಿ, “ಹಾಯಲು ಬರೋ ಟಗರಿನ ಹಾಗೆ ಕಾಣ್ತದೆ” ಎಂದು ತಾನೇ ಮೆಚ್ಚಿಕೊಂಡ.

ಆ ಸಂಜೆ ನಾನು ಹಳೆಯ ಸೀರೆಯೊಂದರ ಅಂಚು ಹರಿದು ಉದ್ದದ ಪಟ್ಟಿ ಮಾಡಿದೆ. ಕಚ್ಚೆ ಹಾಕಿ ಸೀರೆ ಉಡಿಸಿ, ಸೆರಗನ್ನು ಬೆನ್ನಿಗೆ ಒತ್ತಿ ತಂದು ಪಟ್ಟಿಯಿಂದ ಸೊಂಟಕ್ಕೆ ಬಿಗಿದೆ. ಒಂದು ಬೆರಳೂ ತೂರದ ಹಾಗೆ. ರವಿಕೆಯ ತೋಳಿಗೆ ಎರಡೆರಡು ಹೊಲಿಗೆ ಹಾಕಿ ಗಿಡ್ಡ ಮಾಡಿದೆ. “ಮೊಣಕೈ ಪಕ್ಕೆಗೆ ಅಂಟಿರ್ಲಿ. ತಲೆ ತಗ್ಗಿರ್ಲಿ, ಕಣ್ಣು ಮಾತ್ರ ರಸ್ತೆ ಮೇಲೆ” ಎಂದು ಹೇಳಿಕೊಟ್ಟೆ, ಅಡುಗೆಮನೆಯ ಮಣೆಯ ಮೇಲೆ ಕೂರಿಸಿ.

ಸೋಮವಾರ ನಲವತ್ತನಾಲ್ಕು ನಿಮಿಷ. ಗಂಟೆಗೆ ಒಂದು ನಿಮಿಷ ಮೊದಲು ಶಾಲೆಯ ಜಗಲಿ ಹತ್ತಿದ್ದಳು. ಮಂಗಳವಾರವೂ ಅಷ್ಟೇ. ಸಂಜೆ ಬಂದು ಬಾಯಿ ತುಂಬ ಹೇಳುವಳು: “ಆಯಿ, ಏರಿನಲ್ಲಿ ಬಗ್ಗಿರೆ ಎಂತೂ ಉಪಯೋಗ ಇಲ್ಲೆ, ಅಲ್ಲಿ ಎಲ್ಲಾ ಕಾಲಿನ ದುಡಿಮೆನೇ. ಬಯಲಲ್ಲಿ, ಇಳಿಜಾರಲ್ಲಿ ನೋಡವು! ಎಷ್ಟು ಜೋರು ಹೋಗ್ತ್ನೋ ಅಷ್ಟು ಹೆಚ್ಚು ಗೊತ್ತಾಗ್ತು.” ಬೈಯುತ್ತಾನೆ ಎಂದುಕೊಂಡಿದ್ದ ಇಸಾಕ್ ಕೂಡ ಎರಡು ದಿನ ಬೆನ್ನು ಹಿಡಿದುಕೊಂಡು ಓಡಾಡಿ, ಮೂರನೆಯ ದಿನ ಐದು ನಿಮಿಷ ಮೊದಲೇ ಬಂದು ಸೈಕಲ್ ಒಪ್ಪಿಸಿದನಂತೆ.

ಗುರುವಾರ ಹೆಗಡೆಯವರ ಚೀಟಿ ಬಂತು. ‘ಅಕ್ಕೋರು ಸೈಕಲ್ಲಿನ ಮೇಲೆ ಡೊಂಗಾಗಿ ಬಗ್ಗಿ, ತಲೆ ತಗ್ಗಿಸಿಕೊಂಡು, ದಾರಿಯಲ್ಲಿ ಹಿರಿಯರು ಕಂಡರೂ ನೋಡದೆ ಹೋಗುತ್ತಾರೆಂದು ಊರಲ್ಲಿ ಮಾತು. ಇನ್ನು ಮುಂದೆ ಮರ್ಯಾದೆಯಿಂದ ನೆಟ್ಟಗೆ ಕೂತು ಬರತಕ್ಕದ್ದು.’

ವಿನೋದಾ ಅದನ್ನು ಎರಡು ಸಲ ಓದಿದಳು. “ನೆಟ್ಟಗೆ ಕೂತ್ರೆ ತಡ. ತಡ ಆದ್ರೆ ಕೆಲಸ ಹೋತು. ಬಗ್ಗಿರೂ ಕೆಲಸ ಹೋತು. ಇವು ಯನ್ನ ಎಲ್ಲಿ ಹೋಗು ಹೇಳ್ತ?”

ಎಲ್ಲಿಗೆ ಎಂದು ಇಬ್ಬರಿಗೂ ಗೊತ್ತಿತ್ತು. ನಾನು ಸಿದ್ದಾಪುರದ ಹೆಸರು ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಅವಳ ಬಟ್ಟಲಿಗೆ ಇನ್ನಷ್ಟು ಹಾಲು ಹೊಯ್ದೆ.

ಶನಿವಾರ ಶಾಲೆ ಅರ್ಧ ದಿನ. ಬೆಟ್ಟದಬೈಲಿನಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಜಟ್ಟಪ್ಪ ನಾಯ್ಕರು ಸಾಮಾನು ಒಯ್ಯಲು ಶಿರಸಿಗೆ ಗಾಡಿ ತಂದಿದ್ದರು. ಅವರೂ ಕಮಿಟಿಯವರೇ, ಅವರ ಎರಡು ಹೆಣ್ಣುಮಕ್ಕಳು ಅದೇ ಶಾಲೆಯಲ್ಲಿ ಓದುತ್ತಿದ್ದವು. ಅವರ ಗಾಡಿಯಲ್ಲಿ ಬೆಲ್ಲದ ಡಬ್ಬಿಗಳ ನಡುವೆ ಕೂತು ನಾನೂ ಹೋದೆ. ಶಾಲೆ ಬಿಡುವ ಹೊತ್ತಿಗೆ ಹೆಗಡೆಯವರು ಜಗಲಿಯ ಮೇಲೆ ಎಲೆ ಅಡಿಕೆ ಹಾಕುತ್ತ ಕೂತಿದ್ದರು. ಪಕ್ಕದಲ್ಲಿ ರಜೆಗೆ ಬಂದ ಅವರ ತಂಗಿಯ ಮಗ ಕಮಲಾಕರ. ಧಾರವಾಡದ ಕಾಲೇಜಿನಲ್ಲಿ ಕುಸ್ತಿ ಆಡುವ ಗಟ್ಟಿಮುಟ್ಟಾದ ಹುಡುಗ, ಹೊಸ ವಿಲಾಯತಿ ಸೈಕಲ್ಲಿನ ಒಡೆಯ.

ನಾನು ಗಾಳಿಯ ವಿಷಯ ಹೇಳಿದೆ, ಗೆರಸಿಯ ವಿಷಯ ಹೇಳಿದೆ. ಹೆಗಡೆಯವರು ಉಗಿದು ಬಂದು ನಿಧಾನವಾಗಿ ಹೇಳಿದರು: “ತಂಗೀ, ಗಾಳಿ ಅಂಬದು ಬರೀ ನೆವ. ಕೂಸಿನ ಕಾಲಲ್ಲಿ ಕಸು ಇಲ್ಲೆ. ನಮ್ಮ ಕಮಲಾಕರ ದಿನಾ ಅದೇ ಬಯಲಲ್ಲಿ ನೆಟ್ಟಗೆ ಕೂತೇ ಹೊಡೀತ. ಅವಂಗೆ ಯಾವ ಗಾಳಿಯೂ ತಡೆದಿದ್ದಿಲ್ಲೆ.”

“ಹಾಂಗಾದ್ರೆ ಕಾಲು ಬಿಟ್ಟು ನೋಡನ ಹೆಗಡೆರೇ” ಎಂದೆ. “ಶಾಲೆ ಹಿಂದಿನ ಗುಡ್ಡೆ ಇಳಿಜಾರಿದ್ದಲ್ಲ, ಅಲ್ಲಿಂದ ತುಳಿಯದೇ ಸೈಕಲ್ ಬಿಡನ. ತಾನಾಗೇ ಎಲ್ಲಿ ನಿಲ್ತು ನೋಡನ.”

ಜಟ್ಟಪ್ಪನವರಿಗೆ ಇದು ಬಹಳ ಹಿಡಿಸಿತು. “ಅಡ್ಡಿಲ್ಲ, ಅಡ್ಡಿಲ್ಲ! ಅಕ್ಕೋರು ಒಂದು ಕಡೆ, ಕಮಲಾಕರ ಒಂದು ಕಡೆ. ಹೆಗಡೆರೇ, ನೋಡೇಬಿಡುವಾ.”

“ಅಕ್ಕೋರು ಬ್ಯಾಡ” ಎಂದೆ. “ಕೂಸು ಹಗುರ, ಅವ ಭಾರ. ಸೈಕಲ್ಲೂ ಬೇರೆ. ಆಮೇಲೆ ಅದ್ಕೆ ಒಂದು ನೆವ, ಇದ್ಕೆ ಒಂದು ನೆವ. ಕಮಲಾಕರನೇ ಎರಡು ಸಲ ಬರ್ಲಿ, ತನ್ನ ಸೈಕಲ್ಲಲ್ಲೇ. ಒಂದು ಸಲ ನೆಟ್ಟಗೆ, ಒಂದು ಸಲ ಬಗ್ಗಿ.”

ಕಮಲಾಕರ ನಗುತ್ತಲೇ ಗುಡ್ಡೆ ಹತ್ತಿದ. ಮಕ್ಕಳೆಲ್ಲ ಮನೆಗೆ ಹೋಗದೆ ರಸ್ತೆಯ ಎರಡೂ ಬದಿಗೆ ನಿಂತವು. ಮೊದಲ ಸಲ ರಾಜನ ಹಾಗೆ ಎದೆ ಎತ್ತಿ ಕೂತು ಬಂದ. ಇಳಿಜಾರು ಮುಗಿಯಿತು, ಬಯಲಿಗೆ ಬಂತು, ಗಾಳಿ ಎದುರಾಯಿತು. ಸೈಕಲ್ ನಿಧಾನವಾಗಿ, ತೂರಾಡಿ, ಅತ್ತಿ ಗಿಡದ ಹತ್ತಿರ ನಿಂತಿತು. ನಾನು ಅಲ್ಲಿ ಒಂದು ಕಲ್ಲು ಇಟ್ಟೆ. ಎರಡನೆಯ ಸಲ ವಿನೋದಾ ಮೇಲೆ ಹೋಗಿ ಅವನಿಗೆ ಹೇಗೆ ಬಗ್ಗಬೇಕೆಂದು ತೋರಿಸಿದಳು. ಅವನ ಹ್ಯಾಂಡಲ್ ಎತ್ತರ. ನಡುವೆ, ಮುಂದಿನ ಕೊಳವೆಯ ಹತ್ತಿರ ಹಿಡಿದುಕೊಂಡು, ಮೊಣಕೈ ಒಳಗೆ ಎಳೆದು, ಗಲ್ಲವನ್ನು ಹೆಚ್ಚುಕಡಿಮೆ ಮುಷ್ಟಿಗೆ ತಾಗಿಸಿ ಬಂದ. ಗಿಡ ದಾಟಿತು. ನನ್ನ ಕಲ್ಲು ದಾಟಿತು. ಮಕ್ಕಳು ಕೂಗುತ್ತ ಜೊತೆಗೇ ಓಡಿದವು. ಕಾಲುವೆಯ ಮೋರಿಯ ಹತ್ತಿರ ನಿಂತಾಗ ಜಟ್ಟಪ್ಪನವರು ಹೆಜ್ಜೆ ಹಾಕಿ ಎಣಿಸಿದರು. ಅರವತ್ತೆರಡು ಹೆಜ್ಜೆ ಹೆಚ್ಚು.

“ಮಾವಾ, ಖರೇನೇ ಹೌದು!” ಎಂದ ಕಮಲಾಕರ, ಮುಖ ಕೆಂಪಗೆ ಮಾಡಿಕೊಂಡು. “ಕಿವಿ ಹತ್ರ ಗಾಳಿ ಸದ್ದೇ ಬೇರೆ ಆಗ್ತು. ಇನ್ನೊಂದ್ಸಲ ಬರ್ಲಾ?”

“ಸಾಕು, ಬಾ ಇತ್ಲಾಗೆ” ಎಂದರು ಹೆಗಡೆಯವರು. ಅವರು ಸುಳ್ಳು ಹೇಳುವವರಲ್ಲ. ಕಣ್ಣಾರೆ ಕಂಡದ್ದನ್ನು ಇಲ್ಲ ಎನ್ನಲಿಲ್ಲ. “ಗಾಳಿ ವಿಷಯ ನೀ ಹೇಳಿದ್ದು ಹೌದು. ಆದ್ರೆ ಶಾಲೆ ನಡ್ಸದು ಗಾಳಿ ಅಲ್ಲ, ಊರು. ಹೆಣ್ಣುಮಕ್ಕಳು ಇವಳ್ನ ನೋಡಿ ಕಲಿತ. ನಾಳೆ ನಮ್ಮನೆ ಕೂಸೂ ಡೊಂಗಾಗಿ ಸೈಕಲ್ ಹೊಡೀತೆ ಅಂದ್ರೆ ಆನು ಎಂತ ಹೇಳ್ಲಿ? ಸೋಮವಾರ ಆನೇ ಈ ಜಗಲಿ ಮೇಲೆ ಕೂತಿರ್ತೆ. ನೆಟ್ಟಗೆ ಕೂತು ಬಂದ್ರೆ ಒಳಗೆ. ಬಗ್ಗಿ ಬಂದ್ರೆ ಕೆಲಸದಿಂದ ತೆಗೆದ ಕಾಗದ ತಯಾರಿರ್ತು.”

ವಿನೋದಾ ಮುಂದೆ ಬಂದಳು. “ನೆಟ್ಟಗೆ ಕೂತ್ರೆ ತಡ ಆಗ್ತು ಹೇಳಿ ನಿಂಗಳೇ ನೋಡಿದ್ದಿ. ತಡವಾಗಿ ಬಂದು ಕೆಲಸ ಕಳಕಂಡ್ರೆ ತಪ್ಪು ಯಂದು. ಹೊತ್ತಿಗೆ ಸರಿಯಾಗಿ ಬಂದು ಕಳಕಂಡ್ರೆ ತಪ್ಪು ನಿಂಗಳದ್ದು. ಆನು ಹೊತ್ತಿಗೇ ಬತ್ತೆ.”

ಜಟ್ಟಪ್ಪನವರು ಕೆಮ್ಮಿದರು. ಹೆಗಡೆಯವರು ಸುಣ್ಣದ ಡಬ್ಬಿ ಮುಚ್ಚಿ ಎದ್ದರು.

ಸೋಮವಾರ ಬೆಳಿಗ್ಗೆ ಸೆರಗು ಬಿಗಿಯುತ್ತ, “ಹೆದ್ರಿಕೆ ಆಗ್ತನೇ?” ಎಂದು ಕೇಳಿದೆ.

“ಆಗ್ತು.”

“ಯಂಗೂ ಆಗ್ತು. ಉಸಿರು ಎಳಿ, ಇನ್ನೊಂದು ಸುತ್ತು ಬಿಗೀತೆ.”

ಹಿಂದಿನ ಸಂಜೆ ಶಿರಸಿಗೆ ಬಂದು ಬೆಳಗಾಗುತ್ತಲೇ ಹೊರಟ ಜಟ್ಟಪ್ಪನವರ ಗಾಡಿಯಲ್ಲಿ ನಾನು ಮೊದಲೇ ಹೋದೆ. ಒಂಬತ್ತೂವರೆಗೆ ಶಾಲೆಯ ಜಗಲಿಯಲ್ಲಿ ಕೂತಿದ್ದೆ. ಹತ್ತು ಗಂಟೆಗೆ ಹೆಗಡೆಯವರು ಬಂದರು. ಬಿಳಿ ಕೋಟು, ಕಿಸೆಯಲ್ಲಿ ಮಡಿಸಿದ ಕಾಗದ. “ಬಂದ್ಯಾ ತಂಗಿ” ಎಂದು ಮಾತಾಡಿಸಿದರು, ನನ್ನಿಂದ ಒಂದು ಮಾರು ದೂರ ಕೂತರು. ಒಳಗೆ ಗೋಡೆ ಗಡಿಯಾರ ಟಕಟಕ ಎನ್ನುತ್ತಿತ್ತು. ಆ ದಿನದ ಗಾಳಿಯೋ, ನಾನು ಅಂಥ ಗಾಳಿ ನೋಡಿರಲಿಲ್ಲ. ಬಯಲಿನ ಭತ್ತ ಒಂದೇ ಕಡೆಗೆ ಮಲಗಿ ಏಳುತ್ತಿತ್ತು. ರಸ್ತೆಯಲ್ಲಿ ಬರುತ್ತಿದ್ದ ಬೈರ ಎಂಬ ಮುದುಕ ಕಂಬಳಿಯನ್ನು ಎರಡೂ ಕೈಯಿಂದ ಹಿಡಿದುಕೊಂಡು ಓರೆಯಾಗಿ ನಡೆಯುತ್ತಿದ್ದ.

ಹತ್ತು ಹತ್ತು. ಹತ್ತೂಕಾಲು. ಮಕ್ಕಳು ಒಂದೊಂದೇ ಬಂದು ಒಳಗೆ ಹೋಗದೆ ನಮ್ಮ ಹಿಂದೆ ನಿಂತವು. ಹತ್ತು ಇಪ್ಪತ್ತಕ್ಕೂ ರಸ್ತೆಯಲ್ಲಿ ಬೈರ ಒಬ್ಬನೇ. ಈ ಗಾಳಿಗೆ ಯಾವ ಬಗ್ಗುವಿಕೆಯೂ ಸಾಲದೇನೋ. ಅಥವಾ ದಾರಿಯಲ್ಲಿ ಬಿದ್ದಳೋ.

“ಅಗಾ, ಅಲ್ಲಿ!” ಎಂದಿತು ಜಟ್ಟಪ್ಪನವರ ಚಿಕ್ಕ ಮಗಳು ಗಂಗಾ.

ಬಯಲಿನ ತುದಿಯಲ್ಲಿ ಒಂದು ಕಪ್ಪು ಚುಕ್ಕೆ. ಮನುಷ್ಯರು ಕಾಣಲಿಲ್ಲ. ಎರಡು ಚಕ್ರ, ಅವುಗಳ ಮೇಲೆ ಒಂದು ಸಣ್ಣ ಗಂಟು. ಹತ್ತಿರವಾದಂತೆ ಗಂಟಿಗೆ ತಲೆ ಮೂಡಿತು, ಬೈತಲೆ ಮೂಡಿತು. ಬಗ್ಗಿದ್ದಳು, ನಾನು ಹೇಳಿಕೊಟ್ಟದ್ದಕ್ಕಿಂತಲೂ ಹೆಚ್ಚು ಬಗ್ಗಿದ್ದಳು. ಬೈರನನ್ನು ದಾಟಿದಳು, ಮೋರಿ ದಾಟಿದಳು. ಹೆಗಡೆಯವರು ಎದ್ದು ನಿಂತರು. ಅವರು ನಿಂತದ್ದು ಅವಳಿಗೆ ಕಂಡೇ ಕಂಡಿರಬೇಕು. ಅಲ್ಲಿಂದ ಜಗಲಿಯವರೆಗೆ ನೂರು ಮಾರು. ಬೇಕಿದ್ದರೆ ಆ ನೂರು ಮಾರು ನೆಟ್ಟಗೆ ಕೂತು ಬರಬಹುದಿತ್ತು. ಕೂರಲಿಲ್ಲ. ಮೆಟ್ಟಿಲ ಬುಡದವರೆಗೂ ಹಾಗೇ ಬಂದು ಬ್ರೇಕ್ ಹಿಡಿದಳು.

ಇಳಿದಳು. ಸೈಕಲ್ ಗೋಡೆಗೆ ಒರಗಿಸಿದಳು. ಹೆಗಡೆಯವರಿಗೆ ಕೈ ಮುಗಿದಳು. ಒಳಗೆ ಹೋಗಿ ಗಡಿಯಾರ ನೋಡಿ, ಹಾಜರಿ ಪುಸ್ತಕದಲ್ಲಿ ಹತ್ತು ಇಪ್ಪತ್ತೆಂಟು ಎಂದು ಬರೆದು ಸಹಿ ಮಾಡಿ, ಪುಸ್ತಕವನ್ನು ಹಾಗೇ ತೆರೆದು ತಂದು ಅವರ ಮುಂದೆ ಹಿಡಿದಳು.

“ಕಾಗದ ಕೊಡಿ. ಅದ್ಕಿಂತ ಮೊದ್ಲು ಇಲ್ಲಿ, ಷರಾ ಹೇಳಿ ಬರೆದ ಜಾಗದಲ್ಲಿ, ಕಾರಣ ಬರೀರಿ. ಈ ಪುಸ್ತಕ ಇನ್ಸ್‌ಪೆಕ್ಟರ ಸಾಹೇಬ್ರು ನೋಡ್ತ.”

ಹೆಗಡೆಯವರು ಪೆನ್ನು ತೆಗೆದರು. ಅದರ ಟೊಪ್ಪಿ ಬಿಚ್ಚಿದರು. ಷರಾ ಎಂಬ ಸಾಲಿನ ಮೇಲೆ ಪೆನ್ನು ನಿಂತಿತು. ತಡವಾಗಿ ಬಂದಳು ಎಂದು ಬರೆಯುವ ಹಾಗಿಲ್ಲ, ಪಕ್ಕದಲ್ಲೇ ಹತ್ತು ಇಪ್ಪತ್ತೆಂಟು ಇದೆ. ಪಾಠ ಸರಿಯಿಲ್ಲ ಎಂದು ಬರೆಯುವ ಹಾಗಿಲ್ಲ, ಚೌತಿಗೆ ಮೊದಲು ಅವರೇ ‘ಉತ್ತಮ’ ಎಂದು ಬರೆದಿದ್ದರು.

“ಬರೀರಿ ಹೆಗಡೆರೇ” ಎಂದರು ಜಟ್ಟಪ್ಪನವರು, ಎತ್ತಿನ ಹಗ್ಗ ಕಟ್ಟುತ್ತ. “ಬಗ್ಗಿದ್ದಕ್ಕೆ ಅಂತ ಬರೀರಿ. ಆದ್ರೆ ಕಮಿಟಿಯ ಎರಡನೇ ಸಹಿ ನಂದು. ನಾ ಹಾಕೋದಿಲ್ಲ. ಇನ್ಸ್‌ಪೆಕ್ಟರು ನಗಾಡಿದ್ರೆ ನೀವೊಬ್ರೇ ನಗಾಡಿಸ್ಕಳಿ.”

ಗಡಿಯಾರ ಹತ್ತೂವರೆ ಹೊಡೆಯಿತು. ವಿನೋದಾ ಪುಸ್ತಕವನ್ನು ಅವರ ಕೈಯಲ್ಲೇ ಬಿಟ್ಟು, ತಾನೇ ಹೋಗಿ ಗಂಟೆ ಬಾರಿಸಿದಳು. ಮಕ್ಕಳು ಸಾಲಾಗಿ ಒಳಗೆ ಹೋದವು. ಅವಳೂ ಹೋದಳು. ಪ್ರಾರ್ಥನೆ ಶುರುವಾಯಿತು. ಅವಳ ದನಿ ಇನ್ನೂ ಏದುತ್ತಿತ್ತು.

ಹೆಗಡೆಯವರು ಪೆನ್ನಿಗೆ ಟೊಪ್ಪಿ ಹಾಕಿದರು. ಷರಾದ ಸಾಲು ಖಾಲಿಯೇ ಇತ್ತು. ಪುಸ್ತಕವನ್ನು ಒಳಗೆ ಮೇಜಿನ ಮೇಲಿಟ್ಟು ಹೊರಗೆ ಬಂದು ನನ್ನನ್ನು ಕಂಡು ನಿಂತರು. “ತಂಗೀ, ನೀನಾದ್ರೂ ಕೂಸಿಗೆ ಒಂದು ಮಾತು ಹೇಳವಾಗಿತ್ತು. ಹಿಂಗೆ ಬಗ್ಗದು ಯಾರು ಕಲಿಸಿದ್ವೋ ಎಂತೋ.”

“ಆನೇ ಕಲಿಸಿದ್ದು ಹೆಗಡೆರೇ” ಎಂದೆ. “ನಾಳೆಯೂ ಕೂಸು ಹಿಂಗೇ ಬತ್ತು.”